ಡಿ.ವಿ.ಜಿ.ಯವರ ವಿದ್ಯಾವ್ಯಾಸಂಗ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಯಾರಾದರೊಬ್ಬ ಮಹನೀಯರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ನೆರೆಯ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿದ ರಾಜಾಜಿಯವರ ಹೆಸರು ಸಹಜವಾಗಿಯೇ ಮೊದಲು ನೆನಪಿಗೆ ಬಂದಿತು. ಹೊಸೂರು ಸೀಮೆಯವರಾದ ನಮಗೆ ಅವರು ಮನೆಯವರೇ ಸರಿ. ಆದರೆ ರಾಜಾಜಿಯವರನ್ನು ಕುರಿತು ಬರೆದವರು ಬಹುಮಂದಿ ಇದ್ದಾರೆ. ಈ ಸಂಚಿಕೆಯನ್ನು ಓದುವವರಾದರೋ ಹೆಚ್ಚಾಗಿ ನಮ್ಮ ಹಳೆಯ ವಿದ್ಯಾರ್ಥಿಗಳು. ಶಾಲೆಯನ್ನು ಬಿಟ್ಟು ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳಾದವರು. ಅವರ ಮುಂದಿಡಲು ತಕ್ಕ ಜೀವನ ಯಾವುದೆಂದು ಆಲೋಚಿಸಿದಾಗ, ಶಾಲೆಯಲ್ಲಿ ತೇರ್ಗಡೆಯಾಗದೆ ಹೋದರೂ ಶಾಲೆಯ ಕೆಲಸವನ್ನು ಎಂಬತ್ತೆಂಟನೆಯ ವಯಸ್ಸಿನವರೆಗೆ ಬಿಡದಿದ್ದ ಒಬ್ಬರ ಚಿತ್ರ ಕಣ್ಣ ಮುಂದೆ ನಿಂತಿತು. ಅವರೇ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು. ಕನ್ನಡಿಗರೆಲ್ಲರ ಬಾಯಲ್ಲಿ ಡಿ.ವಿ.ಜಿ.

'ಮಂಕುತಿಮ್ಮನ ಕಗ್ಗ'ದ ಕವಿಯೆಂದು ಅವರನ್ನು ಅರಿಯದವರಿಲ್ಲ. ಮದುವೆಯ ಆಮಂತ್ರಣ ಪತ್ರಿಕೆಗಳಲ್ಲಿಯೂ ಅಂಗಡಿಯ ಗೋಡೆಗಳಲ್ಲಿಯೂ ಕಗ್ಗದ ಪದ್ಯಗಳು ಕಾಣುತ್ತವೆ. ಅಷ್ಟಕ್ಕೇ ನಿಂತುಬಿಟ್ಟರೆ ಅವರನ್ನು ಅರ್ಧ ಮಾತ್ರ ಕಂಡಂತಾಯಿತೆಂದು ನನ್ನ ಅಭಿಪ್ರಾಯ. ಅವರ ಜೀವನದ ಬಹುಭಾಗ ಸಂದದ್ದು ವಯಸ್ಸಿಗೆ ಬಂದವರಿಗೂ ತರುಣರಿಗೂ ಒಂದು ಪಾಠಶಾಲೆಯನ್ನು ಕಟ್ಟುವುದರಲ್ಲಿ. ಆ ಪಾಠಶಾಲೆಗೆ ಹಾಜರಿಪಟ್ಟಿಯಿರಲಿಲ್ಲ, ಪರೀಕ್ಷೆಯಿರಲಿಲ್ಲ, ಬಿಡುಗಡೆಯ ಪ್ರಮಾಣಪತ್ರವೂ ಇರಲಿಲ್ಲ. ಈ ಲೇಖನದಲ್ಲಿ ಹೇಳಹೊರಟಿರುವುದು ಮುಖ್ಯವಾಗಿ ಆ ಸಂಗತಿಯನ್ನು.

ಡಿ.ವಿ.ಜಿ.ಯವರು ಹುಟ್ಟಿದ್ದು 1887ನೆಯ ಇಸವಿ ಮಾರ್ಚ್ 17ರಂದು, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ತಂದೆ ವೆಂಕಟರಮಣಯ್ಯನವರು, ತಾಯಿ ಅಲಮೇಲಮ್ಮನವರು. ಮುಳಬಾಗಿಲು ನಮ್ಮವರಿಗೆ ದೂರದ ಊರಲ್ಲ. ಆಂಜನೇಯಸ್ವಾಮಿಯ ದರ್ಶನಕ್ಕೂ ನರಸಿಂಹತೀರ್ಥದ ಶ್ರೀಪಾದರಾಜರ ಬೃಂದಾವನಕ್ಕೂ ನಮ್ಮ ಕಡೆಯ ಭಕ್ತರು ಹೋಗಿಬರುವುದುಂಟು. ಅದೂ ನಮ್ಮ ಊರುಗಳಂತೆಯೇ ಗಡಿಯ ಊರು. ಸಂತೆಯಲ್ಲಿ ನಿಂತರೆ ಒಂದು ಕಿವಿಗೆ ತೆಲುಗು, ಇನ್ನೊಂದಕ್ಕೆ ಕನ್ನಡ. ನಡುವೆ ತಮಿಳೂ ಉರ್ದುವೂ ಕೇಳಿಬರುತ್ತವೆ. ಇಂತಹ ಊರಿನಲ್ಲಿ ಬೆಳೆದ ಹುಡುಗನಿಗೆ ಭಾಷೆಯೆಂಬುದು ಜಗಳದ ವಸ್ತುವಾಗುವುದಕ್ಕಿಂತ ಹೆಚ್ಚಾಗಿ ವ್ಯವಹಾರದ ಮತ್ತು ಸ್ನೇಹದ ವಸ್ತುವಾಗುತ್ತದೆ. ಗುಂಡಪ್ಪನವರ ಬರಹಗಳಲ್ಲಿ ಪರಭಾಷೆಯ ಬಗೆಗೆ ಕಹಿ ಕಾಣದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಊರಿನಲ್ಲಿ ಪ್ರಾಥಮಿಕ ವಿದ್ಯಾಭ್ಯಾಸವಾಯಿತು. ಮುಂದಿನ ಓದು ಮೈಸೂರಿನಲ್ಲಿ ಸ್ವಲ್ಪ ಕಾಲ, ಕೋಲಾರದಲ್ಲಿ ಸ್ವಲ್ಪ ಕಾಲ ನಡೆಯಿತು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ಉತ್ತೀರ್ಣರಾಗಲಿಲ್ಲ. ಅಲ್ಲಿಗೆ ಶಾಲೆಯ ಬಾಗಿಲು ಮುಚ್ಚಿತು. ಅಂದಿನ ದಿನಗಳಲ್ಲಿ ಮೆಟ್ರಿಕ್ಯುಲೇಷನ್ ಎಂದರೆ ಇಂದಿನವರು ಊಹಿಸಲಾರದಷ್ಟು ದೊಡ್ಡ ಹೊಸ್ತಿಲು. ಅದನ್ನು ದಾಟಿದವನಿಗೆ ಸರ್ಕಾರಿ ಗುಮಾಸ್ತೆಯ ಪದವಿಯಾದರೂ ಗಟ್ಟಿ. ದಾಟದವನಿಗೆ ಊರಿನಲ್ಲಿಯೇ ಸಣ್ಣಪುಟ್ಟ ಕೆಲಸ. ನಾನೂ ಮೆಟ್ರಿಕ್ಯುಲೇಷನ್ ಮಟ್ಟಕ್ಕೇ ಓದನ್ನು ನಿಲ್ಲಿಸಬೇಕಾಗಿ ಬಂದವನಾದುದರಿಂದ ಆ ಹೊಸ್ತಿಲಿನ ಎತ್ತರವನ್ನು ಬಲ್ಲೆ.

ಅನಂತರದ ಕೆಲವು ವರ್ಷಗಳು ಅಲೆದಾಟದ ವರ್ಷಗಳು. ಮುಳಬಾಗಿಲಿನ ಶಾಲೆಯಲ್ಲಿ ಕೆಲವು ದಿನ ತಾತ್ಕಾಲಿಕ ಉಪಾಧ್ಯಾಯರಾದರು. ಚಿನ್ನದ ಗಣಿಯ ಊರಿನಲ್ಲಿ ಸೋಡಾ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯಲ್ಲಿಯೂ ಇದ್ದರು. ಕಡೆಗೆ ಪತ್ರಿಕೆಯ ಕೆಲಸ ಅವರನ್ನು ಹಿಡಿಯಿತು. 'ಸೂರ್ಯೋದಯ ಪ್ರಕಾಶಿಕೆ' ಎಂಬ ಪತ್ರಿಕೆಯಲ್ಲಿ ಆರಂಭಿಸಿ, ಇಪ್ಪತ್ತು ವರ್ಷ ತುಂಬುವ ವೇಳೆಗೆ 'ಭಾರತಿ' ಎಂಬ ಕನ್ನಡ ಪತ್ರಿಕೆಯಲ್ಲಿ ತೊಡಗಿದರು. 1908ರಲ್ಲಿ ಮೈಸೂರು ಸರ್ಕಾರ ವೃತ್ತಪತ್ರಿಕೆಗಳನ್ನು ಬಿಗಿಹಿಡಿಯುವ ಕಾಯಿದೆಯನ್ನು ತಂದಿತು. ಸಂಸ್ಥಾನದ ಹಲವು ಪತ್ರಿಕೆಗಳು ಅದರಿಂದ ಕಣ್ಣು ಮುಚ್ಚಿದವು. ಇವರು ಮಾತ್ರ ಲೇಖನಿಯನ್ನು ಕೆಳಗಿಡಲಿಲ್ಲ. 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸಿ, ವಾರಕ್ಕೆರಡು ಬಾರಿಯಂತೆ 1921ರವರೆಗೆ ನಡೆಸಿದರು. ಇಂಗ್ಲಿಷ್ ಪರೀಕ್ಷೆಯನ್ನು ದಾಟದ ಹಳ್ಳಿಗಾಡಿನ ಯುವಕನ ಇಂಗ್ಲಿಷ್ ಪತ್ರಿಕೆಯನ್ನು ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಗಮನವಿಟ್ಟು ಓದುತ್ತಿದ್ದರು, ಅವರೊಡನೆ ರಾಜ್ಯದ ವಿಚಾರಗಳನ್ನು ಚರ್ಚಿಸುತ್ತಿದ್ದರು.

ಇದು ಹೇಗೆ ಸಾಧ್ಯವಾಯಿತೆಂಬುದೇ ವಿಚಾರಾರ್ಹ. ಬೆಂಗಳೂರಿನಲ್ಲಿ ಪತ್ರಿಕೆಯ ಗದ್ದಲದ ನಡುವೆಯೇ ಗುಂಡಪ್ಪನವರು ಎರಡು ಬಗೆಯ ವ್ಯಾಸಂಗವನ್ನು ನಡೆಸಿಕೊಂಡು ಬಂದರು. ಒಂದು, ಇಂಗ್ಲಿಷಿನ ಮೂಲಕ ರಾಜ್ಯಶಾಸ್ತ್ರ, ಚರಿತ್ರೆ, ಕಾವ್ಯ ಇವುಗಳ ಓದು. ಇನ್ನೊಂದು, ಪಂಡಿತರ ಬಳಿ ಕುಳಿತು ಸಂಸ್ಕೃತ ಮತ್ತು ವೇದಾಂತದ ಪಾಠ. ಹಾನಗಲ್ಲು ವಿರೂಪಾಕ್ಷ ಶಾಸ್ತ್ರಿಗಳೆಂಬ ದೊಡ್ಡ ವಿದ್ವಾಂಸರು ಅವರ ಗುರುಗಳು. ಆ ಶಾಸ್ತ್ರಿಗಳು ಮುಂದೆ ಸಂನ್ಯಾಸವನ್ನು ಸ್ವೀಕರಿಸಿ ಕೂಡಲಿ ಮಠದ ಪೀಠವನ್ನೇರಿದರು. ಚಪ್ಪಲ್ಲಿ ವಿಶ್ವೇಶ್ವರ ಶಾಸ್ತ್ರಿಗಳಿಂದಲೂ ಪಾಠವಾಯಿತು. ಸಂಸಾರಸ್ಥನಾದವನು, ಸಂಪಾದನೆಯ ಚಿಂತೆಯಿರುವವನು, ನಾಳೆಯ ಸಂಚಿಕೆಗೆ ಅಗ್ರಲೇಖನವನ್ನು ಬರೆಯಬೇಕಾದವನು ಬಾಲಕನಂತೆ ಗುರುವಿನ ಎದುರಿಗೆ ಕೂರುವುದಕ್ಕೆ ಬುದ್ಧಿಗಿಂತ ಹೆಚ್ಚಾಗಿ ವಿನಯ ಬೇಕು. ನಾಲ್ಕು ಜನರ ಮುಂದೆ ತನಗೆ ತಿಳಿಯದೆಂದು ತೋರಿಸಿಕೊಳ್ಳುವ ವಿನಯ ಮಕ್ಕಳಿಗೆ ಸುಲಭ. ಮೀಸೆ ಬಂದವರಿಗೆ ಕಷ್ಟ. ನಮ್ಮ ಊರುಗಳಲ್ಲಿ ವಯಸ್ಕರ ಶಿಕ್ಷಣದ ತರಗತಿಗಳನ್ನು ನಡೆಸಿದ ಉಪಾಧ್ಯಾಯರೆಲ್ಲರಿಗೂ ಇದು ಅನುಭವದ ಮಾತು. ಸ್ಲೇಟು ಬಳಪಗಳನ್ನು ಕೊಟ್ಟರಷ್ಟೇ ಸಾಲದು, ಸಂಕೋಚವನ್ನು ಬಿಡಿಸಬೇಕು.

ಈ ಗುರುಗಳ ಋಣವನ್ನು ಅವರು ಮರೆಯಲಿಲ್ಲ. ವೃದ್ಧಾಪ್ಯದಲ್ಲಿ ಬರೆದ 'ಜ್ಞಾಪಕ ಚಿತ್ರಶಾಲೆ'ಯ ಎಂಟು ಸಂಪುಟಗಳಲ್ಲಿ ದಿವಾನರಿಗೊಂದು ಸಂಪುಟವನ್ನು ಕೊಟ್ಟಂತೆಯೇ ವೈದಿಕ ವಿದ್ವಾಂಸರಿಗೂ ಒಂದು ಸಂಪುಟವನ್ನು ಕೊಟ್ಟರು. ಸಂಗೀತಗಾರರಿಗೆ, ಸಾಹಿತಿಗಳಿಗೆ, ಹೆಸರು ಮಾಡದ ಸಜ್ಜನರಿಗೆ ಬೇರೆ ಬೇರೆ ಸಂಪುಟಗಳು. ಕನ್ನಡದಲ್ಲಿ ಇಷ್ಟು ಹಿತವಾದ ಗದ್ಯ ಕೆಲವೇ ಇವೆ. ಕಗ್ಗದ ಹಳಗನ್ನಡದ ಬಿಗಿ ಎಷ್ಟೋ ವಿದ್ಯಾರ್ಥಿಗಳನ್ನು ದೂರ ನಿಲ್ಲಿಸುತ್ತದೆ. ಅಂತಹವರು ಈ ಸಂಪುಟಗಳಿಂದ ಆರಂಭಿಸಿದರೆ ಲೇಸೆಂದು ನಾನು ತರಗತಿಯಲ್ಲಿಯೂ ಹೇಳುತ್ತಿದ್ದೆನು, ಈಗಲೂ ಹೇಳುತ್ತೇನೆ.

ಸಂಸಾರದಲ್ಲಿ ಅವರು ಸುಖವನ್ನು ಕಂಡುದು ಅಲ್ಪಕಾಲ. ಪತ್ನಿ ಭಾಗೀರಥಮ್ಮನವರು 1924ರಲ್ಲಿ ಬೆಂಕಿಯ ಅಪಘಾತದಿಂದ ತೀರಿಕೊಂಡರು. ಆಗ ಗುಂಡಪ್ಪನವರಿಗೆ ಮೂವತ್ತೇಳು ವರ್ಷ. ಆ ಕಾಲದಲ್ಲಿ ಅದು ಮರುಮದುವೆಯ ವಯಸ್ಸೇ, ಅವರು ಮಾಡಿಕೊಳ್ಳಲಿಲ್ಲ. ಮನೆಯ ಬಡತನ ಎಷ್ಟಿತ್ತೆಂದರೆ, ಭಾಗೀರಥಮ್ಮನವರು ಒಮ್ಮೆ ಬಂಧುಗಳ ಮನೆಯ ಸಮಾರಂಭಕ್ಕೆ ಹರಿಯದ ಸೀರೆಯಿಲ್ಲವೆಂಬ ಕಾರಣದಿಂದ ಹೋಗದೆ ಉಳಿದರೆಂದು ಹೇಳುತ್ತಾರೆ. ಮಗ ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರದಲ್ಲಿ ಜಗತ್ಪ್ರಸಿದ್ಧರಾಗಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಹುಕಾಲ ಇದ್ದರು. ತಮಿಳುನಾಡಿನಲ್ಲಿದ್ದುಕೊಂಡೇ ಕನ್ನಡಕ್ಕೆ ಉತ್ತಮ ಗ್ರಂಥಗಳನ್ನು ಕೊಟ್ಟ ಅವರ ಹೆಸರು ನಮಗೆ ವಿಶೇಷವಾಗಿ ಪ್ರಿಯವಾಗಬೇಕು. ತಂದೆಗೆ 1967ರಲ್ಲಿ, ಮಗನಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಹಣದ ವಿಚಾರದಲ್ಲಿ ಡಿ.ವಿ.ಜಿ.ಯವರ ನಡತೆ ಲೋಕದ ಲೆಕ್ಕಕ್ಕೆ ಸಿಕ್ಕುವುದಲ್ಲ. ಸರ್ಕಾರದ ಕೆಲಸಕ್ಕಾಗಿ ಬರೆದುಕೊಟ್ಟ ಬರಹಗಳಿಗೆ ಸಂಭಾವನೆ ಬಂದರೆ ಬೇಡವೆನ್ನುತ್ತಿದ್ದರು. ವಿಶ್ವೇಶ್ವರಯ್ಯನವರಂತಹವರು ಒತ್ತಾಯಿಸಿದರೆ ಚೆಕ್ಕನ್ನು ಮರ್ಯಾದೆಗಾಗಿ ತೆಗೆದುಕೊಂಡು, ಬ್ಯಾಂಕಿಗೆ ಕಟ್ಟದೆ ಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತಿದ್ದರು. ಪತ್ರಿಕೆಯವನು ಸರ್ಕಾರದ ಹಣವನ್ನು ತೆಗೆದುಕೊಂಡರೆ ನಾಳೆ ಸರ್ಕಾರವನ್ನು ಟೀಕಿಸುವಾಗ ಲೇಖನಿ ಅಳುಕುತ್ತದೆ ಎಂಬುದು ಅವರ ನಿಲವು. ಮನೆಯವರ ಕಷ್ಟವನ್ನು ನೆನೆದರೆ ಈ ನಿಷ್ಠೆ ಅತಿಯಾಯಿತೆಂದು ಯಾರಾದರೂ ಹೇಳಬಹುದು. ನಾನು ಹಾಗೆ ಹೇಳಲಾರೆನಾದರೂ, ಆ ನಿಷ್ಠೆಯ ಭಾರವನ್ನು ಅವರೊಬ್ಬರೇ ಹೊರಲಿಲ್ಲ, ಭಾಗೀರಥಮ್ಮನವರೂ ಹೊತ್ತರು ಎಂಬುದನ್ನು ಮಾತ್ರ ಮರೆಯಬಾರದು.

ಮೈಸೂರು ಶಾಸನಸಭೆಯಲ್ಲಿ ಒಂದು ದಶಕಕ್ಕೂ ಮೀರಿ ಸದಸ್ಯರಾಗಿದ್ದುದು, 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದುದು, ಅನಂತರ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ 1937ರವರೆಗೆ ದುಡಿದುದು, ಇವೆಲ್ಲ ಇತರ ಗ್ರಂಥಗಳಲ್ಲಿ ಸವಿಸ್ತಾರವಾಗಿ ಸಿಕ್ಕುತ್ತವೆ. ಪರಿಷತ್ತಿನಲ್ಲಿ ಅವರು ನಡೆಸಿದ ವಸಂತ ಸಾಹಿತ್ಯೋತ್ಸವವನ್ನೂ ಗಮಕದ ತರಗತಿಗಳನ್ನೂ ಮಾತ್ರ ಇಲ್ಲಿ ಹೆಸರಿಸಬೇಕು. ಕುಮಾರವ್ಯಾಸ, ಲಕ್ಷ್ಮೀಶರ ಕಾವ್ಯಗಳನ್ನು ಅಕ್ಷರ ಬಾರದವನೂ ಕೇಳಿ ಆನಂದಿಸುವುದು ಗಮಕದಿಂದ. ಓದಬಲ್ಲವನು ಒಬ್ಬ, ಕೇಳುವವರು ನೂರು ಮಂದಿ. ನಮ್ಮ ಹಳ್ಳಿಗಳ ದೇವಸ್ಥಾನದ ಜಗುಲಿಗಳಲ್ಲಿ ಶ್ರಾವಣ ಮಾಸದಲ್ಲಿ ಜೈಮಿನಿ ಭಾರತವನ್ನು ಓದಿಸುತ್ತಿದ್ದುದು ಇದೇ ಮಾರ್ಗ. ವಯಸ್ಕರ ವಿದ್ಯಾಭ್ಯಾಸ ಎಂಬ ಮಾತು ಹುಟ್ಟುವ ಮೊದಲೇ ನಮ್ಮಲ್ಲಿ ಆ ಕೆಲಸ ನಡೆಯುತ್ತಿತ್ತು.

ಇನ್ನು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿ, 1915ರಲ್ಲಿ ತೀರಿಕೊಂಡರು. ಗುಂಡಪ್ಪನವರಿಗೆ ಅವರು ಆದರ್ಶಪುರುಷರು. ಅವರ ಚರಿತ್ರೆಯನ್ನು ಕನ್ನಡದಲ್ಲಿ ಬರೆದದ್ದಷ್ಟೇ ಅಲ್ಲದೆ, ರಾಜಕೀಯವೆಂಬುದು ಅಧ್ಯಯನದಿಂದಲೂ ಧರ್ಮಬುದ್ಧಿಯಿಂದಲೂ ಶುದ್ಧವಾಗಬೇಕೆಂಬ ಅವರ ತತ್ತ್ವವನ್ನು ಆಚರಣೆಗೆ ತರುವ ಒಂದು ಸ್ಥಳ ಬೇಕೆಂದು ಹಂಬಲಿಸಿದರು. 1945ನೆಯ ಇಸವಿ ಫೆಬ್ರವರಿ 18ರಂದು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾಯಿತು. ಗೋಖಲೆಯವರ ಅನಂತರ ಭಾರತ ಸೇವಕ ಸಮಾಜದ ಅಧ್ಯಕ್ಷರಾಗಿದ್ದ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳೇ ಅದನ್ನು ಉದ್ಘಾಟಿಸಿದರು. ಶಾಸ್ತ್ರಿಗಳು ಮರುವರ್ಷವೇ ಕಾಲವಾದರು. ಸಂಸ್ಥೆಯನ್ನು ಆರಂಭಿಸುವಾಗ ಗುಂಡಪ್ಪನವರಿಗೆ ಐವತ್ತೆಂಟು ವರ್ಷ ತುಂಬುತ್ತ ಬಂದಿತ್ತು. ಸರ್ಕಾರಿ ನೌಕರಿಯಲ್ಲಿದ್ದಿದ್ದರೆ ವಿಶ್ರಾಂತಿ ವೇತನವನ್ನು ಪಡೆದು ಮನೆಯಲ್ಲಿ ಕುಳಿತಿರುವ ವಯಸ್ಸು.

ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ, ನರಸಿಂಹರಾಜ ಕಾಲನಿಯ ಕಡೆಗೆ, ಆ ಸಂಸ್ಥೆಯ ಕಟ್ಟಡವಿದೆ. ಅಲ್ಲಿ ಪುಸ್ತಕ ಭಂಡಾರವನ್ನು ಇಟ್ಟರು. 1949ರಿಂದ ಸಾರ್ವಜನಿಕ ವಿಚಾರಗಳಿಗೆಂದೇ ಒಂದು ಇಂಗ್ಲಿಷ್ ಮಾಸಪತ್ರಿಕೆಯನ್ನು ಹೊರಡಿಸಿದರು. ಇವೆಲ್ಲಕ್ಕಿಂತ ಮಿಗಿಲಾದದ್ದು ಅಧ್ಯಯನ ಗೋಷ್ಠಿ. ನಿಯತವಾಗಿ ಒಂದು ದಿನ, ನಿಯತವಾದ ಹೊತ್ತಿನಲ್ಲಿ, ಒಂದು ಗ್ರಂಥವನ್ನು ಮುಂದಿಟ್ಟುಕೊಂಡು ಕೂರುವುದು. ಎಲ್ಲಿ ನಿಲ್ಲಿಸಿದ್ದರೋ ಮುಂದಿನ ಬಾರಿ ಅಲ್ಲಿಂದಲೇ ಎತ್ತಿಕೊಳ್ಳುವುದು. ಭಗವದ್ಗೀತೆ ಒಮ್ಮೆ, ವಾಲ್ಮೀಕಿಯ ಕಾವ್ಯ ಒಮ್ಮೆ, ಷೇಕ್ಸ್‌ಪಿಯರ್ ಕವಿಯ ನಾಟಕ ಒಮ್ಮೆ, ರಾಜ್ಯಾಂಗದ ವಿಚಾರ ಇನ್ನೊಮ್ಮೆ. ಗುಮಾಸ್ತರು, ಉಪಾಧ್ಯಾಯರು, ವಕೀಲರು, ನಿವೃತ್ತರು, ಕಾಲೇಜಿನ ಹುಡುಗರು ಒಂದೇ ಜಮಖಾನದ ಮೇಲೆ ಕೂರುವಂತಹ ಸಭೆ ಅದು. ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ನಿಟ್ಟೂರು ಶ್ರೀನಿವಾಸರಾಯರು ಆ ಸಂಸ್ಥೆಗೆ ಬಹುಕಾಲದ ಆಧಾರಸ್ತಂಭವಾಗಿದ್ದರು.

ಅಲ್ಲಿನ ಗೀತೋಪನ್ಯಾಸಗಳಿಂದ ಬೆಳೆದ ಗ್ರಂಥವೇ 'ಜೀವನಧರ್ಮಯೋಗ'. 1967ರ ಅಕಾಡೆಮಿ ಪ್ರಶಸ್ತಿ ಬಂದದ್ದು ಇದಕ್ಕೇ. ಗೀತೆಗೆ ವ್ಯಾಖ್ಯಾನಗಳು ನೂರಾರು ಇವೆ. ಅವುಗಳಲ್ಲಿ ಬಹುಪಾಲು ಪಂಡಿತರು ಪಂಡಿತರಿಗಾಗಿ ಬರೆದವು. ಒಂದು ಸಿದ್ಧಾಂತವನ್ನು ಸ್ಥಾಪಿಸಿ ಇನ್ನೊಂದನ್ನು ಖಂಡಿಸತಕ್ಕವು. ಡಿ.ವಿ.ಜಿ.ಯವರು ಎದುರಿಗಿಟ್ಟುಕೊಂಡದ್ದು ಸಂಸಾರಿಯನ್ನು. ಬೆಳಗ್ಗೆ ಕಚೇರಿಗೆ ಹೋಗಿ ಸಂಜೆ ಮನೆಗೆ ಬರುವವನು, ಮಗಳ ಮದುವೆಯ ಚಿಂತೆಯುಳ್ಳವನು, ಮೇಲಧಿಕಾರಿಯ ಅನ್ಯಾಯಕ್ಕೆ ಒಳಗೊಳಗೇ ಕುದಿಯುವವನು ಗೀತೆಯನ್ನು ಓದಿದರೆ ಅವನಿಗೆ ಏನು ಸಿಕ್ಕಬೇಕು ಎಂಬುದು ಅವರ ಪ್ರಶ್ನೆ. ಉಪಮಾನಗಳೂ ಮನೆಯವೇ, ಭಾಷೆಯೂ ಮಾತಿನದೇ. ಶಾಸ್ತ್ರವನ್ನು ಸುಲಭಮಾಡಲು ಹೊರಟವರು ಬಹಳಷ್ಟು ಬಾರಿ ಶಾಸ್ತ್ರವನ್ನೇ ತೆಳುಮಾಡಿಬಿಡುತ್ತಾರೆ. ಇವರು ಹಾಗೆ ಮಾಡಲಿಲ್ಲ. ವಿರೂಪಾಕ್ಷ ಶಾಸ್ತ್ರಿಗಳ ಪಾಠದ ಗಟ್ಟಿತನ ಅಡಿಯಲ್ಲಿ ಇದ್ದೇ ಇದೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಬೇರೊಂದು ದೇಶದ ಸಂಗತಿಯನ್ನು ಹೇಳಲು ವಾಚಕರು ಅನುಮತಿ ಕೊಡಬೇಕು. ಯೆಹೂದ್ಯರನ್ನು ನಮ್ಮಲ್ಲಿ ಅನೇಕರು ಕೊಚ್ಚಿಯ ಪ್ರವಾಸದಲ್ಲಿ, 1568ರಲ್ಲಿ ಕಟ್ಟಿದ ಅವರ ಪ್ರಾರ್ಥನಾಮಂದಿರವನ್ನು ನೋಡಿ ಬಲ್ಲರು. ಅವರ ಧರ್ಮದಲ್ಲಿ ಓದೇ ಒಂದು ಉಪಾಸನೆ. ಪ್ರಾರ್ಥನಾಮಂದಿರವೆಂದರೆ ಪಾಠಶಾಲೆಯೂ ಹೌದು. ತೋರಾ ಎಂಬ ತಮ್ಮ ಮೂಲಗ್ರಂಥವನ್ನು ವಾರಕ್ಕೊಂದು ಭಾಗದಂತೆ ವರ್ಷವೊಂದರಲ್ಲಿ ಸಭೆಯಲ್ಲಿ ಓದಿ ಮುಗಿಸುತ್ತಾರೆ. ಮುಗಿಸಿದ ಹಬ್ಬದ ದಿನವೇ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ತಾಲ್ಮುದ್ ಎಂಬ ಮಹಾಗ್ರಂಥವನ್ನು ದಿನಕ್ಕೊಂದು ಹಾಳೆಯಂತೆ ಜಗತ್ತಿನ ಎಲ್ಲ ಕಡೆಯೂ ಏಕಕಾಲಕ್ಕೆ ಓದುವ ಪದ್ಧತಿ 1923ರಿಂದ ಬಂದಿದೆ. ಒಂದು ಸುತ್ತು ಮುಗಿಯಲು ಸುಮಾರು ಏಳೂವರೆ ವರ್ಷ ಬೇಕು. ಅಂಗಡಿಯವರು, ವೈದ್ಯರು, ಮುದುಕರು, ಹುಡುಗರು ಜೊತೆಜೊತೆಯಾಗಿ ಕುಳಿತು ಓದುತ್ತಾರೆ, ವಾದಿಸುತ್ತಾರೆ. ಹದಿಮೂರನೆಯ ವಯಸ್ಸಿಗೆ ಬಾಲಕನು ಸಭೆಯ ಮುಂದೆ ಗ್ರಂಥವನ್ನು ಓದಿ ಧರ್ಮಕ್ಕೆ ಹೊಣೆಗಾರನಾಗುತ್ತಾನೆ. ನಮ್ಮ ಉಪನಯನವನ್ನು ನೆನಪಿಗೆ ತರುವ ಕ್ರಮ.

ಆದರೆ ಅವರಲ್ಲಿಯೂ ಹೊಸ ಕಾಲದಲ್ಲಿ ಒಂದು ತೊಂದರೆ ತಲೆದೋರಿತು. ಹದಿಮೂರಕ್ಕೆ ಹಬ್ಬವನ್ನು ಮಾಡಿ ಮುಗಿಸಿದ ಹುಡುಗನು ಮರುದಿನದಿಂದ ಗ್ರಂಥವನ್ನು ಮುಟ್ಟದವನಾದನು. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಫ್ರಾಂಟ್ಸ್ ರೋಜೆನ್‌ತ್ಸ್‌ವೈಗ್ ಎಂಬ ತತ್ತ್ವಜ್ಞರು ಇದಕ್ಕಾಗಿ 1920ರಲ್ಲಿ ಪ್ರೌಢರ ಪಾಠಶಾಲೆಯನ್ನು ತೆರೆದರು. ಬೋಧಿಸುವವನೂ ಕಲಿಯುವವನೇ ಎಂಬುದು ಅಲ್ಲಿನ ಕ್ರಮ. ದೂರ ಹೋದವರು ತಮ್ಮ ಸಂದೇಹಗಳನ್ನು ಹೊತ್ತುಕೊಂಡೇ ಹಿಂದಿರುಗಿ ಬರಲಿ, ಸಂದೇಹವನ್ನು ಹೊರಗಿಟ್ಟು ಬರಬೇಕಾಗಿಲ್ಲ ಎಂದು ಅವರು ಬಗೆದರು. ಎರಡು ವರ್ಷ ಕಳೆಯುವುದರೊಳಗೆ ಅವರಿಗೆ ಪಾರ್ಶ್ವವಾಯುವಿನಂತಹ ಘೋರ ವ್ಯಾಧಿ ತಗುಲಿ ಕೈಯೂ ಬಾಯೂ ನಿಂತವು. ಅಕ್ಷರಗಳನ್ನು ಒಂದೊಂದಾಗಿ ಸೂಚಿಸಿ, ಹೆಂಡತಿಯ ನೆರವಿನಿಂದ ಬರೆಸುತ್ತ, ಮಾರ್ಟಿನ್ ಬೂಬರ್ ಅವರೊಡನೆ ಬೈಬಲ್ಲಿನ ಅನುವಾದದಲ್ಲಿ ತೊಡಗಿದ್ದು, 1929ರಲ್ಲಿ ತೀರಿಕೊಂಡರು. ನಾಜಿಗಳ ಆಳಿಕೆ ಬಂದಾಗ, 1933ರಲ್ಲಿ, ಬೂಬರ್ ಆ ಪಾಠಶಾಲೆಯನ್ನು ಮತ್ತೆ ತೆರೆದರು. ಸರ್ಕಾರಿ ಶಾಲೆ ಕಾಲೇಜುಗಳಿಂದ ಹೊರದೂಡಲ್ಪಟ್ಟವರಿಗೆ ಅದು ಕೆಲವು ವರ್ಷ ಆಸರೆಯಾಗಿದ್ದು, 1938ರಲ್ಲಿ ಮುಚ್ಚಿತು.

ರೋಜೆನ್‌ತ್ಸ್‌ವೈಗ್ ಹುಟ್ಟಿದ್ದು 1886ರ ಡಿಸೆಂಬರಿನಲ್ಲಿ; ನಮ್ಮ ಗುಂಡಪ್ಪನವರಿಗಿಂತ ಮೂರು ತಿಂಗಳು ಕೂಡ ಹಿರಿಯರಲ್ಲ. ಒಬ್ಬರು ವಿಶ್ವವಿದ್ಯಾನಿಲಯದ ಡಾಕ್ಟರ್ ಪದವೀಧರರು, ಒಬ್ಬರು ಮೆಟ್ರಿಕ್ಯುಲೇಷನ್ ದಾಟದವರು. ಇಬ್ಬರ ಮುಂದೆಯೂ ನಿಂತಿದ್ದ ಸಮಸ್ಯೆ ಮಾತ್ರ ಒಂದೇ: ಬಾಲ್ಯದಲ್ಲಿ ಕಲಿತದ್ದು ಬಾಲ್ಯಕ್ಕೇ ಮುಗಿದುಹೋದರೆ, ನಲವತ್ತು ವರ್ಷದವನ ಕಷ್ಟಕ್ಕೆ ಹತ್ತು ವರ್ಷದವನ ಪಾಠ ಸಾಲುವುದು ಹೇಗೆ?

ಈ ಪ್ರಶ್ನೆಯನ್ನು ನಮ್ಮ ಸೀಮೆಗೆ ತಂದು ನೋಡಿದರೆ ಮನಸ್ಸಿಗೆ ಸ್ವಲ್ಪ ನೋವಾಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು ಮದರಾಸು ರಾಜ್ಯದಲ್ಲಿ ಉಳಿದೆವು. ಸೇಲಂ ಜಿಲ್ಲೆಯವರಾಗಿದ್ದೆವು, 1965ರಲ್ಲಿ ಧರ್ಮಪುರಿಯವರಾದೆವು, 2004ರಲ್ಲಿ ಕೃಷ್ಣಗಿರಿಯವರಾದೆವು. ಜಿಲ್ಲೆಯ ಹೆಸರು ಬದಲಾದರೂ ಹೊಸೂರು, ಡೆಂಕಣಿಕೋಟೆಯ ಕಡೆಯ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡವಾಗಿಯೇ ಉಳಿಯಿತು. ರಾಜ್ಯದ ಭಾಷೆಯನ್ನು ಕಲಿಯಬೇಕಾದದ್ದು ನ್ಯಾಯವೇ. 2006ರ ಕಾಯಿದೆಯ ಮೇಲೆ ನಮ್ಮ ಮಕ್ಕಳು ತಮಿಳನ್ನು ಚೆನ್ನಾಗಿಯೇ ಕಲಿಯುತ್ತಿದ್ದಾರೆ. ಚಿಂತೆ ಅದಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗನೂ ಮುಂದೆ ಕಾಲೇಜಿಗೋ ಕಾರ್ಖಾನೆಗೋ ಹೋದ ಮೇಲೆ ಕನ್ನಡದ ಪುಸ್ತಕವನ್ನು ಕೈಯಲ್ಲಿ ಹಿಡಿಯುವುದಿಲ್ಲ. ಮನೆಯಲ್ಲಿ ಮಾತಾಡುತ್ತಾನೆ, ಓದುವುದನ್ನು ಬಿಡುತ್ತಾನೆ. ಅವನ ಮಕ್ಕಳಿಗೆ ಅಕ್ಷರವೇ ಬಾರದು. ಶಾಲೆಯು ಐವತ್ತು ವರ್ಷ ನಡೆದದ್ದು ಸಂತೋಷದ ಸಂಗತಿಯೇ. ಆದರೆ ಶಾಲೆಯ ಗಂಟೆ ಹೊಡೆದು ಬಾಗಿಲು ಹಾಕಿದ ಮೇಲಿನ ಸಂಜೆಯ ಹೊತ್ತನ್ನು ನಾವು ಉಪಾಧ್ಯಾಯರು ಸಾಕಷ್ಟು ಯೋಚಿಸಿದಂತೆ ಕಾಣುವುದಿಲ್ಲ. ಗೋಖಲೆ ಸಂಸ್ಥೆಯಂತಹುದು ಬೆಂಗಳೂರಿನಲ್ಲಿ ನೆಲೆಗೊಂಡಂತೆ ತಾಲ್ಲೂಕಿನ ಊರುಗಳಲ್ಲಿ ಬೇರು ಬಿಡಲಿಲ್ಲವೆಂಬುದು ನನ್ನ ಕೊರಗು. ಅದಕ್ಕೆ ಬೇಕಾದ ಸಾಮಗ್ರಿಯಾದರೂ ಏನು? ಒಂದು ಕೋಣೆ, ಒಂದು ದೀಪ, ಒಂದು ಗ್ರಂಥ, ತಪ್ಪದೆ ಬರುವ ಐದಾರು ಮಂದಿ. ನಮ್ಮ ಶಾಲೆಯ ಕೋಣೆಗಳು ಸಂಜೆ ಐದರ ಮೇಲೆ ಖಾಲಿಯಾಗಿಯೇ ಇರುತ್ತವೆ.

ಡಿ.ವಿ.ಜಿ.ಯವರು ತರುಣರನ್ನು ಮರೆತವರಲ್ಲ. ಚಿಕ್ಕವರಿಗಾಗಿ 'ಬೆಕ್ಕೋಜಿ', 'ಇಂದ್ರವಜ್ರ' ಮುಂತಾದವನ್ನು ಬರೆದರು. ಪ್ರಜಾರಾಜ್ಯದಲ್ಲಿ ಮತ ಹಾಕಬೇಕಾದ ಯುವಕನಿಗೆ ರಾಜ್ಯವೆಂದರೇನು, ಪ್ರಜೆಯ ಹಕ್ಕೇನು, ಹೊಣೆಯೇನು ಎಂಬುದು ತಿಳಿದಿರಬೇಕೆಂದು 'ರಾಜ್ಯಶಾಸ್ತ್ರ'ವನ್ನೂ ರಾಜ್ಯಾಂಗದ ತತ್ತ್ವಗಳನ್ನು ಕುರಿತ ಗ್ರಂಥವನ್ನೂ ಕನ್ನಡದಲ್ಲಿ ರಚಿಸಿದರು. ಗೀತೆಯ ಪಾಠ ಒಂದು ಕಡೆ, ರಾಜ್ಯಾಂಗದ ಪಾಠ ಇನ್ನೊಂದು ಕಡೆ ಎಂದು ಅವರು ಎರಡು ಮಾಡಲಿಲ್ಲ. ಬಾಳುವುದನ್ನು ಕಲಿಯುವವನಿಗೆ ಎರಡೂ ಬೇಕೆಂದರು. ಅವರ ರಾಜಕೀಯ ಗೋಖಲೆಯವರ ಮಂದಗಾಮಿ ಮಾರ್ಗದ್ದು. ಆ ಕಾಲದ ಬಿಸಿರಕ್ತದವರಿಗೆ ಅದು ರುಚಿಸಲಿಲ್ಲವೆಂಬುದೂ ನಿಜ. ಚಳವಳಿಯು ಮಾಡಬೇಕಾದುದನ್ನು ಅಧ್ಯಯನ ಗೋಷ್ಠಿಯು ಮಾಡಲಾರದು, ಒಪ್ಪತಕ್ಕ ಮಾತು. ಸ್ವಾತಂತ್ರ್ಯ ಬಂದ ಮೇಲೆ ಅದನ್ನು ಹೇಗೆ ಬಳಸಬೇಕೆಂಬ ಪಾಠವನ್ನು ಚಳವಳಿಯೂ ಹೇಳಿಕೊಡಲಾರದು, ಅದೂ ಒಪ್ಪತಕ್ಕದ್ದೇ.

ಕಗ್ಗದ ವಿಷಯವಾಗಿ ಎರಡು ಮಾತು. 1943ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ನಾಲ್ಕು ಸಾಲಿನ 945 ಪದ್ಯಗಳಿವೆ. ಕರ್ತೃ ತನ್ನನ್ನು ಮಂಕನೆಂದು ಕರೆದುಕೊಂಡದ್ದನ್ನು ಬರಿಯ ವಿನೋದವೆಂದು ತಿಳಿಯಬಾರದು. ಉತ್ತರ ಸಿಕ್ಕಿತೆಂದು ಸಾರುವವನ ಕಾವ್ಯವಲ್ಲ ಅದು. ಪ್ರಶ್ನೆ ಕೇಳುತ್ತ, ಸಿಕ್ಕಿದಷ್ಟನ್ನು ಹಿಡಿದು ನಡೆಯುವವನದು. ಒಬ್ಬರೇ ಬಾಯಿಪಾಠ ಮಾಡಿಕೊಳ್ಳುವುದಕ್ಕಿಂತ ನಾಲ್ಕು ಮಂದಿ ಕುಳಿತು ವಾರಕ್ಕೆ ಒಂದೆರಡು ಪದ್ಯಗಳಂತೆ ವಿಚಾರ ಮಾಡಿದರೆ ಅದರ ಸ್ವಾರಸ್ಯ ತಿಳಿಯುತ್ತದೆ. ವಾರಕ್ಕೆ ಎರಡರಂತೆ ಹಿಡಿದರೆ ಒಂಬತ್ತು ವರ್ಷಕ್ಕೆ ಸಾಲುವಷ್ಟು ಪದಾರ್ಥವಿದೆ. ಅದೇ ದಾರಿಯ 'ಮರುಳ ಮುನಿಯನ ಕಗ್ಗ' ಅವರ ಮರಣಾನಂತರ ಅಚ್ಚಾಯಿತು.

ಗೌರವಗಳು ತಡವಾಗಿ ಬಂದವು. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು, ಒಂದು ಕಾಲಕ್ಕೆ ಮೆಟ್ರಿಕ್ಯುಲೇಷನ್ ದಾಟದಿದ್ದ ಗುಂಡಪ್ಪನವರಿಗೆ ಗೌರವ ಡಿ.ಲಿಟ್. ಪದವಿಯನ್ನಿತ್ತಿತು. 1970ರಲ್ಲಿ ಬೆಂಗಳೂರಿನ ಅಭಿಮಾನಿಗಳು ಅವರನ್ನು ಸನ್ಮಾನಿಸಿ ಲಕ್ಷ ರೂಪಾಯಿಗಳ ಹತ್ತಿರದ ನಿಧಿಯೊಂದನ್ನು ಅರ್ಪಿಸಿದರು. ಎಂಬತ್ತು ದಾಟಿದ, ಅನುಕೂಲವಂತರಲ್ಲದ ಆ ಹಿರಿಯರು ಅಷ್ಟನ್ನೂ ಗೋಖಲೆ ಸಂಸ್ಥೆಗೆ ಒಪ್ಪಿಸಿಬಿಟ್ಟರು. ಭಾರತ ಸರ್ಕಾರ 1974ರಲ್ಲಿ ಪದ್ಮಭೂಷಣವನ್ನು ಕೊಟ್ಟಿತು; ಮರುವರ್ಷ, 1975ನೆಯ ಇಸವಿ ಅಕ್ಟೋಬರ್ 7ರಂದು ಅವರು ದೇಹವನ್ನು ಬಿಟ್ಟರು. 1988ರಲ್ಲಿ ಅವರ ಚಿತ್ರವುಳ್ಳ ಅಂಚೆಚೀಟಿ ಹೊರಬಂದಿತು. ಬಸವನಗುಡಿಯ ದೊಡ್ಡ ರಸ್ತೆಯೊಂದಕ್ಕೆ ಅವರ ಹೆಸರಿದೆ. ಬ್ಯೂಗಲ್ ರಾಕ್ ಉದ್ಯಾನದಲ್ಲಿ ಅವರ ಪ್ರತಿಮೆ ಇದೆ.

ಹೊಸೂರಿನಿಂದ ಬೆಂಗಳೂರಿಗೆ ಕೆಲಸಕ್ಕೆಂದು ದಿನವೂ ಹೋಗಿಬರುವ ನಮ್ಮ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ಬುಲ್ ಟೆಂಪಲ್ ರಸ್ತೆಯಲ್ಲಿ ಗೋಖಲೆ ಸಂಸ್ಥೆ ಇಂದಿಗೂ ಇದೆ; ಅಲ್ಲಿ ಉಪನ್ಯಾಸಗಳು ನಡೆಯುತ್ತವೆ, ಒಳಗೆ ಹೋಗಿ ಕೂರುವುದಕ್ಕೆ ಯಾರ ಶಿಫಾರಸೂ ಬೇಕಾಗಿಲ್ಲ.